ಕಂಟ್ರೋಲರ್ ನಾಮದೇವರ ಮಣಕಾಲ ಔಷಧ

ಜಮಖಂಡಿ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ನಾಮದೇವರಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಹವ್ಯಾಸ ಎಂಬುದು ಹತ್ತಿಕೊಂಡಿತು. ಅಲ್ಲಿಯವರೆಗೆ ಅವರು ನಿರೋಗಿಯಾಗಿದ್ದರು. ಬೆಳಿಗ್ಗೆ ಆರಕ್ಕೆ ಕ್ಯಾಬಿನ್ನಿನಲ್ಲಿ ಕೂತು, ಮೈಕು ಹಿಡಿದು, ಹುನ್ನೂರಿನವರನ್ನು ಹುನ್ನೂರಿಗೂ ಸಾವಳಗಿಯವರನ್ನು ಸಾವಳಗಿಗೂ ಕಳಿಸಿ, ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದು ಉಂಡು ಮಲಗುತ್ತಿದ್ದರು. ಒಂದು ಮಧ್ಯಾಹ್ನ ನಿದ್ದೆ ಬಾರದೆ ಮೊಬೈಲು ನೋಡುತ್ತಿದ್ದಾಗ, ಯಾವುದೋ ದೇಶದ ಗಡ್ಡದ ಮನುಷ್ಯನೊಬ್ಬ ನಾಲ್ಕು ಹಲಗೆ ಕೊಯ್ದು ಹತ್ತು ನಿಮಿಷದಲ್ಲಿ ಕಪಾಟು ಮಾಡಿ ನಿಲ್ಲಿಸಿದ. ನಾಮದೇವರು ಎದ್ದು ಕೂತರು. ಇಪ್ಪತ್ತಮೂರು ವರ್ಷದ ನೌಕರಿಯಲ್ಲಿ ತಾವು ಬಾಯಿಂದ ಎಲ್ಲವನ್ನೂ ಮಾಡಿದ್ದೇವೆ, ಕೈಯಿಂದ ಏನನ್ನೂ ಮಾಡಿಲ್ಲ ಎಂಬುದು ಅವರಿಗೆ ಆಗಲೇ ಹೊಳೆದದ್ದು.

ಮೊದಲು ಡ್ರಿಲ್ ಮಶೀನ್ ಬಂತು. ಗೋಡೆಗೆ ಗಡಿಯಾರ ಹಾಕಲು ಒಂದು ತೂತು ಹೊಡೆದರು. ಆ ಗೋಡೆಯಲ್ಲಿ ನೀರಿನ ಪೈಪು ಇತ್ತು. ಗಡಿಯಾರ ಇವತ್ತಿಗೂ ಕಪಾಟಿನೊಳಗೆ ಮಲಗಿಕೊಂಡೇ ನಡೆಯುತ್ತಿದೆ. ಆಮೇಲೆ ಬಡಗಿತನದ ಪೆಟ್ಟಿಗೆ ಬಂತು. ಅದರಿಂದ ಒಂದು ಸ್ಟೂಲು ತಯಾರಾಯಿತು. ಒಂದು ಕಾಲು ತುಸು ಉದ್ದವಾಗಿತ್ತೆಂದು ಅದನ್ನು ಕೊಯ್ದರು, ಆಗ ಉಳಿದ ಮೂರು ಉದ್ದವಾದವು, ಅವನ್ನೂ ಕೊಯ್ದರು. ಸಂಜೆಯ ಹೊತ್ತಿಗೆ ಸ್ಟೂಲು ಮಣೆಯಾಗಿತ್ತು. ಹೆಂಡತಿ ರಂಜನಾ ಏನೂ ಮಾತಾಡದೆ ಅದರ ಮೇಲೆ ಕೂತು ರೊಟ್ಟಿ ಬಡಿದಳು. ಅವಳು ಖಾಸಗಿ ಶಾಲೆಯೊಂದರಲ್ಲಿ ಟೀಚರು. ತಪ್ಪು ಲೆಕ್ಕ ನೋಡಿ ಸುಮ್ಮನಿರುವುದು ಅವಳಿಗೆ ಅಭ್ಯಾಸವಾಗಿತ್ತು.

ಮೂರನೆಯದಾಗಿ ನಾಮದೇವರ ಕಣ್ಣಿಗೆ ಬಿದ್ದದ್ದು ಮನೆಯಲ್ಲೇ ಶುಂಠಿ ವೈನು ಮಾಡುವ ವಿಡಿಯೋ. ಅವರೇನು ಕುಡುಕರಲ್ಲ. ಗೆಳೆಯನೊಬ್ಬನ ಬೀಳ್ಕೊಡುಗೆಯಲ್ಲಿ ಅರ್ಧ ಗ್ಲಾಸು ಬಿಯರು ಕುಡಿದು ಎರಡು ದಿನ ತಲೆ ಹಿಡಿದುಕೊಂಡಿದ್ದ ಮನುಷ್ಯ. ಅವರ ಮನಸ್ಸು ಸೆಳೆದದ್ದು ಕುಡಿಯುವುದಲ್ಲ, ಅದರ ಸಾಮಾನು. ಐದು ಲೀಟರಿನ ಗಾಜಿನ ಬರಣಿ, ಅದರ ಮುಚ್ಚಳದ ಮೇಲೆ ಗಾಳಿ ಹೊರಗೆ ಬಿಡುವ ಸೊಟ್ಟ ಕೊಳವೆ, ರಸದೊಳಗೆ ತೇಲಿಬಿಟ್ಟು ಅಂಕಿ ಓದುವ ಗಾಜಿನ ಅಳತೆಗೋಲು, ಹುಳಿ ಬರಿಸಲು ಯೀಸ್ಟ್ ಎಂಬ ಪುಡಿಯ ಪೊಟ್ಟಣ. ಅಂಕಿ ಇರುವ ಯಾವ ವಸ್ತುವನ್ನು ಕಂಡರೂ ಅವರಿಗೆ ಪ್ರೀತಿ. ಮನೆಯಲ್ಲಿ ಇಂಥದ್ದನ್ನು ಮಾಡಲು ಕಾಯದೆ ಒಪ್ಪುತ್ತದೋ ಇಲ್ಲವೋ ಎಂಬ ಸಂಶಯ ಬಂತು. ಆದರೆ ಅದು ಆರ್ಡರು ಮಾಡಿದ ಮೇಲೆ ಬಂತು.

ಪಾರ್ಸಲ್ಲು ಬಂದ ದಿನವೇ ಬನಹಟ್ಟಿಯಿಂದ ಅತ್ತೆ ರುಕ್ಮವ್ವ ಬಂದಿಳಿದರು.

ರುಕ್ಮವ್ವ ಎಂದರೆ ರಂಜನಾಳ ತಾಯಿ, ನಾಮದೇವರಿಗೆ ಸೋದರಮಾವನ ಹೆಂಡತಿಯೂ ಹೌದು. ಚಡ್ಡಿ ಹಾಕುವ ಕಾಲದಿಂದ ಅಳಿಯನನ್ನು ನೋಡಿದವರು. ಮಗ್ಗದ ಮನೆಯ ಯಜಮಾನಿ. ಕೊರಳಲ್ಲಿ ತುಳಸಿ ಮಾಲೆ, ಮದ್ಯ ಸೋಕಿದರೆ ತೆಗೆದಿಡಬೇಕಾದ ವ್ರತದ್ದು. ಉಳ್ಳಾಗಡ್ಡಿ, ಬಳ್ಳೊಳ್ಳಿಯನ್ನೂ ಮುಟ್ಟದವರು. ಮೂವತ್ತು ವರ್ಷ ಒಂದೂ ತಪ್ಪದಂತೆ ಆಷಾಢದಲ್ಲಿ ಬನಹಟ್ಟಿಯ ಭಜನಾ ಯಾತ್ರಿಕರ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋಗಿದ್ದರು. ಈ ವರ್ಷ ಮೊಣಕಾಲು ಕೈಕೊಟ್ಟಿತ್ತು. ಜಮಖಂಡಿಯ ಡಾಕ್ಟರಿಗೆ ತೋರಿಸಲು ಬಂದಿದ್ದರು. ಆಷಾಢಕ್ಕೆ ಇನ್ನು ತಿಂಗಳೂ ಇರಲಿಲ್ಲ.

ಅವರು ಒಳಗೆ ಬಂದಾಗ ನಾಮದೇವರು ನೆಲದ ಮೇಲೆ ಕೂತು, ಬರಣಿಯನ್ನು ತೊಡೆಯ ಮೇಲಿಟ್ಟುಕೊಂಡು, ಸೊಟ್ಟ ಕೊಳವೆಯನ್ನು ಊದಿ ನೋಡುತ್ತಿದ್ದರು.

“ಏನಪಾ ಇದು?” ಎಂದರು ರುಕ್ಮವ್ವ.

“ಔಷಧ ಮಾಡೂ ಸಾಮಾನ್ರಿ ಅತ್ತಿ.”

“ಯಾತರ ಔಷಧ?”

ನಾಮದೇವರು ಉತ್ತರಕ್ಕಾಗಿ ಅತ್ತಿತ್ತ ನೋಡಿದರು. ರುಕ್ಮವ್ವನ ಎರಡೂ ಕೈ ಮೊಣಕಾಲಿನ ಮೇಲಿದ್ದವು.

“ಮಣಕಾಲ ಬ್ಯಾನೀದ್ರಿ,” ಎಂದುಬಿಟ್ಟರು.

ಅದೊಂದು ಸುಳ್ಳು, ಅದೂ ಅವಸರದಲ್ಲಿ ಹೇಳಿದ್ದು. ಆದರೆ ಅದನ್ನು ಕೇಳಿ ರುಕ್ಮವ್ವನ ಕಣ್ಣಲ್ಲಿ ನೀರು ಬಂತು. ತನ್ನ ಕಾಲು ನೋವು ಮಗಳಿಗಿಂತ ಅಳಿಯನಿಗೆ ಹೆಚ್ಚು ತಿಳಿದಿದೆ, ಕೇಳದೆಯೇ ಪರದೇಶದಿಂದ ಸಾಮಾನು ತರಿಸಿದ್ದಾನೆ ಎಂದು ಅವರು ಅಂದೇ ಬನಹಟ್ಟಿಗೆ ಫೋನು ಮಾಡಿ ಹೇಳಿದರು. ಪೊಟ್ಟಣದ ಮೇಲಿನ ಅಕ್ಷರ ಓದಿದ್ದ ರಂಜನಾ ಗಂಡನನ್ನು ಅಡುಗೆಮನೆಗೆ ಕರೆದಳು. ನಮ್ಮವ್ವನ ಮುಂದೆ ನಿಜ ಹೇಳುವುದು ನಿಮ್ಮ ಕೆಲಸ, ನಾನು ಬಾಯಿ ಬಿಡುವುದಿಲ್ಲ, ಆದರೆ ಅವಳು ಅದನ್ನು ಮುಟ್ಟುವ ಮೊದಲು ಹೇಳಬೇಕು ಎಂದಳು. ನಾಮದೇವರು ನಾಳೆ ಹೇಳುತ್ತೇನೆ ಎಂದರು. ಬಸ್ಸಿನ ವಿಷಯದಲ್ಲಿ ಐದು ನಿಮಿಷ ಎನ್ನುವ ದನಿಯಲ್ಲೇ ಅಂದರು.

ರವಿವಾರ ಶುಂಠಿ ಜಜ್ಜಿ, ಬೆಲ್ಲ ಕರಗಿಸಿ, ಮೆಣಸು ಹಾಕಿ ಕುದಿಸಿ ಆರಿಸಿ, ಯೀಸ್ಟು ಬೆರೆಸಿ ಬರಣಿಗೆ ತುಂಬಿದರು. ಅಳತೆಗೋಲು ತೇಲಿಸಿ, ಶಾಲೆಯ ನೋಟುಬುಕ್ಕೊಂದರಲ್ಲಿ ದಿನಾಂಕ ಹಾಕಿ, ಎಂಬತ್ತು ಎಂದು ಬರೆದುಕೊಂಡರು. ಔಷಧ ನೆಲದ ಮೇಲೆ ಇರಬಾರದೆಂದು ರುಕ್ಮವ್ವ ಬರಣಿಯನ್ನು ದೇವರ ಜಗಲಿಯ ಮೇಲೆ, ವಿಠ್ಠಲನ ಪಟದ ಪಕ್ಕದಲ್ಲಿ ಇಡಿಸಿ, ಅದಕ್ಕೆ ಕುಂಕುಮ ಹಚ್ಚಿದರು. ಮರುದಿನ ಬರಣಿ ಗುಳುಗುಳು ಎನ್ನತೊಡಗಿತು. ನಾಮದೇವರಿಗೆ ತೊಟ್ಟಿಲಲ್ಲಿ ಕೂಸು ನಕ್ಕಂತೆ ಕೇಳಿಸಿತು. ಮೂರನೆಯ ದಿನದಿಂದ ಅದು ಸುಮ್ಮನಾಯಿತು. ರಸ ಪಕ್ವವಾಗಲು ತೊಡಗಿದೆ ಎಂದುಕೊಂಡರು. ಪ್ರತಿದಿನ ಅಂಕಿ ಓದಿದರು. ಎಂಬತ್ತಿದ್ದದ್ದು ಎಂಬತ್ತೆರಡಾಯಿತು, ಎಂಬತ್ತೈದಾಯಿತು. ಶಕ್ತಿ ಏರುತ್ತಿದೆ ಎಂದು ಬುಕ್ಕಿನಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದರು. ನಿಜ ಹೇಳುವ ಕೆಲಸ ಮಾತ್ರ ದಿನದಿನಕ್ಕೆ ನಾಳೆಗೆ ಹೋಗುತ್ತಿತ್ತು. ಹತ್ತು ದಿನ ಅದನ್ನು ಯಾರೂ ಮುಟ್ಟಬಾರದು ಎಂದು ಅತ್ತೆಗೆ ಹೇಳಿದ್ದರಲ್ಲ, ಆದ್ದರಿಂದ ಹತ್ತನೆಯ ದಿನ ಬೆಳಿಗ್ಗೆ ಹೇಳಿದರಾಯಿತು ಎಂದು ಅವರ ಲೆಕ್ಕ.

ಎಂಟನೆಯ ದಿನ ಮಧ್ಯಾಹ್ನ ಅವರು ಮನೆಗೆ ಬರುವಾಗ ಓಣಿಯ ಜನವೆಲ್ಲ ತಲೆ ಎತ್ತಿ ಅವರ ಮಾಳಿಗೆಯನ್ನು ನೋಡುತ್ತಿದ್ದರು. ಮಾಳಿಗೆಯ ಮೇಲೆ ಪಕ್ಕದ ಮನೆಯ ಯಂಕವ್ವ ನಿಂತಿದ್ದಳು.

ಯಂಕವ್ವನಿಗೆ ಎಪ್ಪತ್ತನಾಲ್ಕು. ಅವಳು ಆರು ವರ್ಷದಿಂದ ತನ್ನ ಮನೆಯ ಹೊಸ್ತಿಲನ್ನು ದಾಟಬೇಕಾದರೂ ಯಾರಾದರೂ ಕೈ ಹಿಡಿಯಬೇಕಾಗಿತ್ತು. ನಡೆದದ್ದು ಇಷ್ಟು: ರುಕ್ಮವ್ವ ಅವಳ ಗೋಳು ನೋಡಲಾರದೆ, ಎಂಟು ದಿನವೂ ಹತ್ತು ದಿನವೂ ಒಂದೇ ಎಂದು, ಇಬ್ಬರಿಗೂ ಒಂದೊಂದು ಬಟ್ಟಲು ಔಷಧ ಬಗ್ಗಿಸಿದರು. ಇಬ್ಬರೂ ವಿಠ್ಠಲನ ಹೆಸರು ಹೇಳಿ ಕುಡಿದರು. ಹೊಟ್ಟೆಯಲ್ಲಿ ಬಿಸಿಯಾಯಿತು, ಕಿವಿ ಬಿಸಿಯಾಯಿತು, ಯಂಕವ್ವನಿಗೆ ಮೈ ಹಗುರಾದಂತೆ ಅನ್ನಿಸಿತು. ತಾನು ಎಷ್ಟು ಹಗುರಾಗಿದ್ದೇನೆ ನೋಡೋಣ ಎಂದು ಮೆಟ್ಟಿಲಿನ ಕಡೆ ಹೋದಳು. ಹದಿನಾಲ್ಕು ಮೆಟ್ಟಿಲು ಹತ್ತಿದಳು. ಮೇಲಿಂದ ಕೆಳಗೆ ನೋಡಿದಾಗ ಮಾತ್ರ ಇಳಿಯುವ ಧೈರ್ಯ ಸಾಲಲಿಲ್ಲ.

“ತಮ್ಮಾ,” ಎಂದು ಅವಳು ಮೇಲಿನಿಂದ ನಾಮದೇವರಿಗೆ ಕೂಗಿ ಹೇಳಿದಳು, “ಏರೂ ಔಷಧ ಛಲೋ ಐತಿ. ಇಳಿಯೂದೂ ಒಂದು ಮಾಡು.”

ಕುರ್ಚಿಗೆ ಹಗ್ಗ ಕಟ್ಟಿ, ನಾಲ್ಕು ಜನ ಹಿಡಿದು, ಅವಳನ್ನು ಮದುಮಗಳಂತೆ ಇಳಿಸಿದರು. ಕೆಳಗೆ ಬಂದವಳೇ ಇನ್ನೊಂದು ಬಟ್ಟಲು ಕೇಳಿದಳು. ನಾಮದೇವರು ಒಳಗೆ ಹೋಗಿ ಅತ್ತೆಯ ಮುಖ ನೋಡಿದರು. ರುಕ್ಮವ್ವನ ಮುಖ ಕಳೆಗಟ್ಟಿತ್ತು. ಈ ವರ್ಷ ದಿಂಡಿ ತಪ್ಪುವುದಿಲ್ಲ ಅನ್ನಿಸುತ್ತದೆ ಎಂದು ಹೇಳುತ್ತ ಅಳಿಯನ ತಲೆಯ ಮೇಲೆ ಕೈಯಿಟ್ಟರು. ಆ ಕೈಯ ಕೆಳಗೆ ನಿಂತು ನಿಜ ಹೇಳುವುದು ಯಾರಿಗಾದರೂ ಕಷ್ಟ. ಈಗ ಹೇಳಿದರೆ ಮೂವತ್ತು ವರ್ಷದ ಮಾಲೆಯ ಕೊರಳಿಗೆ ಶೆರೆ ಇಳಿಸಿದ ಅಳಿಯ ಎಂದಾಗುತ್ತದೆ. ಹೇಳದಿದ್ದರೆ ಅವರು ನಾಳೆಯೂ ಕುಡಿಯುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ರಂಜನಾ ಗಂಡನನ್ನು, ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟ ಹುಡುಗನನ್ನು ನೋಡಿದಂತೆ ನೋಡಿದಳು.

ಸುದ್ದಿ ಬಸ್ಸು ಹತ್ತಿತು. ಹಿಪ್ಪರಗಿ ಬಸ್ಸಿನ ಕಂಡಕ್ಟರ್ ಮಾಂತೇಶನಿಗೆ ಹೆಂಗಸರ ಸೀಟಿನಿಂದ ವಿಷಯ ಗೊತ್ತಾಯಿತು. ಅವನು ಟಿಕೀಟಿನ ಜೊತೆಗೆ ಅದನ್ನೂ ಹಂಚುತ್ತ ಹೋದ. ಕೆಲವೇ ದಿನದಲ್ಲಿ ಸಾವಳಗಿ, ಹುನ್ನೂರು, ಆಚೆಗೆ ಮುಧೋಳ, ಬೀಳಗಿಯವರೆಗೂ ಹರಡಿತು. ಮೊದಲನೆಯ ಮುಂಜಾನೆ ಕ್ಯಾಬಿನ್ನಿನ ಕಿಟಕಿಗೆ ಒಬ್ಬ ಬಂದು, ಬಸ್ಸು ಕೇಳದೆ ಮೊಣಕಾಲು ತೋರಿಸಿದ. ಎರಡನೆಯ ಮುಂಜಾನೆ ಹದಿನೇಳು ಮೊಣಕಾಲು ಬಂದವು. ನನ್ನ ಹತ್ತಿರ ಯಾವ ಔಷಧವೂ ಇಲ್ಲ ಎಂದು ನಾಮದೇವರು ಕೈಮುಗಿದರು. ನಿಜವಾದ ವೈದ್ಯರು ಹೀಗೆಯೇ ಹೇಳುತ್ತಾರೆ ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡು ಮನೆಯ ದಾರಿ ಕೇಳಿದರು. ಗಾಬರಿಯಲ್ಲಿ ಅವರು ಮೈಕಿನಲ್ಲಿ “ಮಣಕಾಲ, ಮರೇಗುದ್ದಿ ಮಾರ್ಗವಾಗಿ ಮುಧೋಳ” ಎಂದು ಕೂಗಿದ್ದನ್ನು ಪ್ಲಾಟ್‌ಫಾರ್ಮಿನಲ್ಲಿದ್ದ ಎಲ್ಲರೂ ಕೇಳಿದರು. ಇಬ್ಬರು ಹೋಗಿ ಆ ಬಸ್ಸು ಹತ್ತಿಯೂ ಬಿಟ್ಟರು.

ಮನೆಯಲ್ಲಿ ರುಕ್ಮವ್ವ ಜಗಲಿಯ ಮುಂದೆ ಆ ಕುಳ್ಳ ಮಣೆಯ ಮೇಲೆ ಕೂತು ಒಬ್ಬೊಬ್ಬರಿಗೆ ಒಂದೊಂದು ಚಮಚ ಕೊಡುತ್ತಿದ್ದರು. ಕುಡಿಯುವವರು ಮೊದಲು ವಿಠ್ಠಲ ಎನ್ನಬೇಕು, ಆಮೇಲೆ ಬಾಯಿ ತೆರೆಯಬೇಕು. ಸಾಲು ಬಾಗಿಲು ದಾಟಿ, ಕಟ್ಟೆ ದಾಟಿ, ಕಿರಾಣಿ ಅಂಗಡಿಯವರೆಗೆ ಹೋಗಿತ್ತು. ಯಂಕವ್ವ ಕೋಲು ಹಿಡಿದು ಸಾಲು ಕಾಯುತ್ತಿದ್ದಳು. ಎಲ್ಲಕ್ಕಿಂತ ವಿಚಿತ್ರವೆಂದರೆ, ಇಷ್ಟು ಜನ ಕುಡಿದರೂ ಬರಣಿ ಖಾಲಿಯಾಗುತ್ತಿರಲಿಲ್ಲ. ನಾಮದೇವರು ಮಧ್ಯಾಹ್ನ ಬಂದು ನೋಡಿದರೆ ಅದು ಕೊರಳವರೆಗೆ ತುಂಬಿರುತ್ತಿತ್ತು. ಅಂಕಿ ತೊಂಬತ್ತಕ್ಕೆ ಏರಿತ್ತು. ವಿಡಿಯೋದ ಗಡ್ಡದವನಿಗೂ ಇಂಥದ್ದು ಆಗಿರಲಿಲ್ಲ. ಅವರಿಗೆ ಹೆದರಿಕೆಯ ನಡುವೆಯೂ ಎದೆಯುಬ್ಬಿತು ಎಂಬುದನ್ನು ಇಲ್ಲಿ ಮುಚ್ಚಿಡಬಾರದು.

ಹನ್ನೊಂದನೆಯ ದಿನ ಅವರು ಗಟ್ಟಿ ಮನಸ್ಸು ಮಾಡಿ ಬರಣಿಯನ್ನು ಎರಡೂ ಕೈಯಲ್ಲಿ ಎತ್ತಿ ಗಟಾರಕ್ಕೆ ಸುರಿಯಲು ಹೊರಟರು. ಬಾಗಿಲಲ್ಲಿ ನಲವತ್ತು ಹೆಂಗಸರಿದ್ದರು. ಸರದಿ ಸಾಲು ಇಷ್ಟುದ್ದ ಇದೆಯೆಂದು ಔಷಧವನ್ನೇ ಹೊರಗೆ ತಂದರಲ್ಲ ಎಂದು ಹೊಗಳಿ ಅವರನ್ನು ಕಟ್ಟೆಯ ಮೇಲೆ ಕೂರಿಸಿದರು. ನಾಮದೇವರು ಬರಣಿ ಹಿಡಿದುಕೊಂಡು ಎರಡು ತಾಸು ಅಲ್ಲಿಯೇ ಕೂತರು. ರುಕ್ಮವ್ವ ಹೊರಗೆ ಬಂದು ಚಮಚ ಮುಂದುವರಿಸಿದರು.

ಹನ್ನೆರಡನೆಯ ದಿನ ಗುರುವಾರ. ನಾಲ್ಕು ಗಂಟೆಗೆ ಓಣಿಯಲ್ಲಿ ಜೀಪು ನಿಂತಿತು. ಅದರಿಂದ ಇಳಿದವರು ಅಬಕಾರಿ ಇನ್ಸ್‌ಪೆಕ್ಟರ್ ಚನಮಲ್ಲಪ್ಪ. ಕಂಟ್ರೋಲರ್ ಮನೆಯಲ್ಲಿ ಏನೋ ತಯಾರಾಗುತ್ತಿದೆ, ಕುಡಿದ ಮುದುಕಿಯರು ಮಾಳಿಗೆ ಹತ್ತುತ್ತಿದ್ದಾರೆ ಎಂದು ಯಾರೋ ಹೆಸರು ಹೇಳದೆ ಫೋನು ಮಾಡಿದ್ದರು. ಚನಮಲ್ಲಪ್ಪ ದಪ್ಪಗಿನ, ಸಮಾಧಾನದ ಮನುಷ್ಯ. ಜೀಪಿನಿಂದ ಇಳಿಯುವಾಗ ಸೊಂಟ ಹಿಡಿದುಕೊಂಡು ಒಂದು ಕ್ಷಣ ನಿಂತರು. ಅದೇ ತಪ್ಪಾಯಿತು. ಯಂಕವ್ವ ಅವರ ಕೈ ಹಿಡಿದು ಸಾಲಿನ ಕೊನೆಗೆ ನಿಲ್ಲಿಸಿದಳು. ಅವರು ತಾನು ಸರ್ಕಾರಿ ಕೆಲಸಕ್ಕೆ ಬಂದವನು ಎಂದರು. ಇಲ್ಲಿ ನಗರಸಭೆಯ ಮಾಜಿ ಮೆಂಬರರೇ ಸಾಲಿನಲ್ಲಿದ್ದಾರೆ ಎಂದು ಅವಳು ಕೋಲು ತೋರಿಸಿದಳು. ಇನ್ಸ್‌ಪೆಕ್ಟರರು ಮುಕ್ಕಾಲು ತಾಸು ಸಾಲಿನಲ್ಲಿ ನಿಂತು, ಇಂಚಿಂಚಾಗಿ ಸರಿಯುತ್ತ ಅಪರಾಧ ನಡೆದ ಸ್ಥಳವನ್ನು ತಲುಪಿದರು. ರುಕ್ಮವ್ವನ ಮುಂದೆ ವಿಠ್ಠಲ ಎಂದು ಬಾಯಿ ತೆರೆದರು. ಚಮಚ ಒಳಗೆ ಹೋಯಿತು. ಅವರು ಕಣ್ಣು ಮುಚ್ಚಿ, ನಾಲಿಗೆ ಆಡಿಸಿ, ಕಣ್ಣು ತೆರೆದು, ಆಮೇಲೆ ಕಿಸೆಯಿಂದ ಗುರುತಿನ ಚೀಟಿ ತೆಗೆದರು.

ಅಬಕಾರಿ ಎಂಬ ಶಬ್ದ ಬಾಗಿಲಿನಿಂದ ಕಿರಾಣಿ ಅಂಗಡಿಯವರೆಗೆ ಹೋಗಿ ತಿರುಗಿ ಬಂತು. ಆಗಷ್ಟೇ ಶಾಲೆಯಿಂದ ಬಂದಿದ್ದ ರಂಜನಾ ಕೈಚೀಲ ಕೆಳಗಿಟ್ಟು ಗಂಡನ ಪಕ್ಕದಲ್ಲಿ ಬಂದು ನಿಂತಳು. ರುಕ್ಮವ್ವ ಚಮಚ ಹಿಡಿದ ಕೈಯನ್ನು ಹಾಗೆಯೇ ಗಾಳಿಯಲ್ಲಿ ಇಟ್ಟುಕೊಂಡಿದ್ದರು.

ಚನಮಲ್ಲಪ್ಪ ಅವಸರ ಮಾಡಲಿಲ್ಲ. ಬರಣಿ ಮೂಸಿದರು. ಒಂದು ಲೋಟಕ್ಕೆ ಬಗ್ಗಿಸಿ, ತಾವು ತಂದ ಅಳತೆಗೋಲು ಬಿಟ್ಟು, ಕನ್ನಡಕ ಏರಿಸಿ ಓದಿದರು. ಇನ್ನೊಂದು ಚಮಚ ಕುಡಿದರು. ಆಮೇಲೆ ಬೆವರುತ್ತಿದ್ದ ನಾಮದೇವರ ಕಡೆ ತಿರುಗಿದರು.

“ಕಂಟ್ರೋಲರ್ ಸಾಹೇಬ್ರ, ಇದು ಶೆರೆ ಅಲ್ಲ ಬಿಡ್ರಿ. ಪಾನಕ.”

ಬುದ್ಧಿ ಇದ್ದವರು ಯಾರಾದರೂ ಇಲ್ಲಿ ಕೈಮುಗಿದು ಒಳಗೆ ಹೋಗಿ ಚಹಾ ತರುತ್ತಿದ್ದರು. ನೌಕರಿ ಉಳಿಯಿತು, ಮಾನ ಉಳಿಯಿತು, ಅತ್ತೆಯ ಮಾಲೆ ಉಳಿಯಿತು. ಆದರೆ ನಾಮದೇವರ ಕಿವಿಗೆ ಬಿದ್ದದ್ದು ಪಾನಕ ಎಂಬ ಒಂದೇ ಶಬ್ದ. ಸ್ಟೂಲು ಮಣೆಯಾದದ್ದನ್ನು ಅವರು ತಡೆದುಕೊಂಡಿದ್ದರು. ವೈನು ಪಾನಕವಾಗುವುದನ್ನು ತಡೆದುಕೊಳ್ಳಲಾಗಲಿಲ್ಲ.

“ಪಾನಕ ಹೆಂಗ ಆಗತೈತ್ರಿ ಸರ್?” ಎಂದರು. “ಹನ್ನೆರಡು ದಿವಸ ಇಟ್ಟೇನಿ. ಮತ್ತೊಮ್ಮೆ ನೋಡ್ರಿ.”

ರಂಜನಾ ಅವರ ಕಾಲು ತುಳಿದಳು.

“ನೋಡೇನ್ರಿ. ಒಂದು ಹನಿ ನಶೆ ಇಲ್ಲ ಇದರಾಗ.”

“ಇರಬೇಕ್ರಿ. ನಾ ಯೀಸ್ಟ್ ಹಾಕೇನಿ, ನನ್ನ ಕೈಯಾರ ಹಾಕೇನಿ. ಬುಕ್ಕಿನ್ಯಾಗ ದಿನಾ ಬರದೇನಿ, ತೋರಸ್ತೇನಿ ತಡೀರಿ.”

ರಂಜನಾ ಎರಡನೆಯ ಕಾಲನ್ನೂ ತುಳಿದಳು. ನಾಮದೇವರು ಎರಡೂ ಕಾಲು ಬಿಡಿಸಿಕೊಂಡು ಓಡಿಹೋಗಿ ನೋಟುಬುಕ್ಕು ತಂದರು. ತನ್ನ ಮೇಲಿನ ಆರೋಪವನ್ನು ಸಾಬೀತು ಮಾಡಲು ಆರೋಪಿಯೇ ದಾಖಲೆ ತಂದುಕೊಟ್ಟದ್ದು ಚನಮಲ್ಲಪ್ಪನವರ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅದೇ ಮೊದಲು. ಅವರು ಕಟ್ಟೆಯ ಮೇಲೆ ಕೂತು ಪುಟ ತಿರುವಿದರು. ಎಂಬತ್ತು, ಎಂಬತ್ತೆರಡು, ಎಂಬತ್ತೈದು, ತೊಂಬತ್ತು. ಕೆಂಪು ಗೆರೆಗಳನ್ನೂ ನೋಡಿದರು.

ಆಮೇಲೆ, ಮೇಷ್ಟರು ದಡ್ಡ ಹುಡುಗನಿಗೆ ಹೇಳುವಷ್ಟು ಮೆಲ್ಲಗೆ, ಈ ಅಂಕಿ ಶೆರೆಯದಲ್ಲ, ಬೆಲ್ಲದ್ದು ಎಂದು ತಿಳಿಸಿದರು. ಬೆಲ್ಲ ಶೆರೆಯಾಗುತ್ತ ಹೋದಂತೆ ಅಂಕಿ ಇಳಿಯಬೇಕು. ನಿಮ್ಮದು ಏರುತ್ತಿದೆ. ಅಂದರೆ ಯಾರೋ ದಿನಾ ಇದರ ನೀರು ಇಂಗಿಸುತ್ತಿದ್ದಾರೆ, ಬೆಲ್ಲವನ್ನೂ ಹಾಕುತ್ತಿದ್ದಾರೆ. ಯೀಸ್ಟು ಎಂದೋ ಸತ್ತಿದೆ. ಕುದಿಸದೆ ಅದು ಹೀಗೆ ಸಾಯುವುದಿಲ್ಲ.

“ಇದನ್ನ ಯಾರು ಕುದಸತಾರ್ರಿ ಮನ್ಯಾಗ?” ಎಂದು ಕೇಳಿದರು.

“ನಾನ್ರಿ,” ಎಂದರು ರುಕ್ಮವ್ವ.

ಎಲ್ಲರೂ ಅವರ ಕಡೆ ನೋಡಿದರು. ರುಕ್ಮವ್ವ ಚಮಚ ಕೆಳಗಿಟ್ಟರು. ಎರಡನೆಯ ದಿನ ಬರಣಿ ಗುಳುಗುಳು ಅಂದಾಗ ಅಳಿಯ ಮಾಡಿದ್ದು ಕೆಡಲು ಹತ್ತಿದೆ ಎಂದು ನನಗೆ ಗೊತ್ತಾಯಿತು, ಕಷಾಯ ಕೆಡಬಾರದೆಂದು ಮರುದಿನದಿಂದ ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಚೆನ್ನಾಗಿ ಕುದಿಸಿ ಇಡುತ್ತಿದ್ದೆ, ಜನ ಬರತೊಡಗಿದ ಮೇಲೆ ಸಾಲದಾದಾಗ ಶುಂಠಿ, ಬೆಲ್ಲ, ನೀರು ಸೇರಿಸುತ್ತಿದ್ದೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಅಳಿಯನಿಗೆ ಬೇಸರವಾದೀತೆಂದು ಬಾಯಿ ಬಿಟ್ಟಿರಲಿಲ್ಲ. ಬರಣಿ ಖಾಲಿಯಾಗದ ಪವಾಡ ಹೀಗೆ ಕಿರಾಣಿ ಅಂಗಡಿಯ ಬೆಲ್ಲದಲ್ಲಿ ಮುಗಿಯಿತು. ಸಾಲಿನವರಲ್ಲಿ ಕೆಲವರಿಗೆ ಅಲ್ಲಿಯೇ ಮೊಣಕಾಲು ನೋಯತೊಡಗಿತು.

ನಾಮದೇವರು ಒಂದು ಕ್ಷಣ ಖುಷಿಪಟ್ಟರು. ತಪ್ಪು ತಮ್ಮದಲ್ಲ, ವೈನು ಆಗುವುದರಲ್ಲಿತ್ತು. ಅದನ್ನು ಇನ್ಸ್‌ಪೆಕ್ಟರಿಗೆ ಹೇಳಬೇಕೆಂದು ಬಾಯಿ ತೆರೆದಾಗ ಅತ್ತೆ ತಮ್ಮನ್ನೇ ನೋಡುತ್ತಿರುವುದು ಕಂಡಿತು. ಇಷ್ಟು ಹೊತ್ತು ತಾವು ಯಾರ ಮುಂದೆ ಏನೇನು ಹೇಳಿದೆವು ಎಂಬುದು ಆಗ ತಲೆಗೆ ಹೋಯಿತು.

ಚನಮಲ್ಲಪ್ಪ ಏಳುವ ಮೊದಲು ಗಟ್ಟಿಯಾಗಿ ಎಚ್ಚರಿಕೆ ಕೊಟ್ಟರು. ಆಗಿಲ್ಲ ಎಂದಮಾತ್ರಕ್ಕೆ ಮಾಡಲು ಹೊರಟದ್ದು ಸರಿಯಾಗುವುದಿಲ್ಲ, ಲೈಸೆನ್ಸಿಲ್ಲದೆ ಇಂಥ ಉದ್ಯೋಗಕ್ಕೆ ಇನ್ನೊಮ್ಮೆ ಕೈ ಹಾಕಿದರೆ ಪಾನಕ ಎಂದು ಬರೆಯುವುದಿಲ್ಲ ಎಂದರು. ಉಳಿದ ಯೀಸ್ಟಿನ ಪೊಟ್ಟಣ, ಅಳತೆಗೋಲು ಎರಡನ್ನೂ ತೆಗೆದುಕೊಂಡರು. ಜೀಪು ಹತ್ತಿದ ಮೇಲೆ ಡ್ರೈವರನ್ನು ಕಳಿಸಿ, ಕೆಮ್ಮಿಗೆ ಒಳ್ಳೆಯದೆಂದು ಒಂದು ಬಾಟಲಿ ತುಂಬಿಸಿಕೊಂಡು ಹೋದರು.

ಸಾಲು ಕರಗಿತು. ಯಂಕವ್ವ ಕೋಲು ಊರಿಕೊಂಡು ತನ್ನ ಮನೆಗೆ ಹೋದಳು. ಮನೆಯಲ್ಲಿ ಮೂವರೇ ಉಳಿದರು. ರುಕ್ಮವ್ವ ಸೆರಗಿನ ತುದಿಯಿಂದ ಬರಣಿಯ ಮೇಲಿನ ಕುಂಕುಮ ಒರೆಸಿದರು. ನಾಮದೇವರು ನೆಲಕ್ಕೆ ಹಣೆ ಹಚ್ಚಿ, ಅವಸರದಲ್ಲಿ ಸುಳ್ಳು ಹೇಳಿದ್ದನ್ನೂ, ದಿನಾ ನಾಳೆ ಎಂದದ್ದನ್ನೂ, ಎಂಟನೆಯ ದಿನ ಅವರ ಕೈ ತಲೆಯ ಮೇಲಿದ್ದಾಗ ಬಾಯಿ ಕಟ್ಟಿದ್ದನ್ನೂ ಹೇಳಿದರು. ಎದುರಿಗೆ ಕೂತದ್ದು ಅತ್ತೆ ಮಾತ್ರವಲ್ಲ. ಅವ್ವ ತೀರಿದ ವರ್ಷ ದಸರೆ ರಜೆಯಿಡೀ ತಮಗೆ ಉಣ್ಣಿಸಿದ ಜೀವ ಅದು.

“ಅಂದ್ರ, ನೀ ಶೆರೆ ಮಾಡಾಕ ಹೋಗಿದ್ದಿ,” ಎಂದರು ರುಕ್ಮವ್ವ.

“ಹೌದ್ರಿ.”

“ಆಗಲಿಲ್ಲ.”

“ಇಲ್ರಿ.”

“ನಿನ್ನ ಕೈಗುಣದ ಮ್ಯಾಲ ನನಗ ಸಣ್ಣವನಿದ್ದಾಗಿಂದ ನಂಬಿಗಿ ಇಲ್ಲ. ಅದಕ್ಕ ಕುದಿಸಿದೆ. ನಂಬಿದ್ದರ ಇವತ್ತು ನನ್ನ ಮಾಲಿ ಹೋಗತಿತ್ತು.”

ರಂಜನಾ ತಲೆ ಬಗ್ಗಿಸಿದಳು. ಅಳುತ್ತಿದ್ದಾಳೆ ಎಂದು ನಾಮದೇವರು ತಿಳಿದರು. ಅವಳು ನಗು ತಡೆಯುತ್ತಿದ್ದಳು. ತಡೆಯಲು ಆಗದೆ ಒಳಗೆ ಹೋದಳು. ಅಲ್ಲಿಂದ ಪಾತ್ರೆ ಬಿದ್ದ ಸಪ್ಪಳವೂ ನಗುವೂ ಒಟ್ಟಿಗೆ ಬಂದವು.

ರುಕ್ಮವ್ವ ನಗಲಿಲ್ಲ. ತಪ್ಪು ತಪ್ಪೇ ಎಂದರು. ಔಷಧದ ನಂಬಿಕೆಯಲ್ಲಿ ಮುಂದೂಡಿದ್ದ ಡಾಕ್ಟರ ಭೇಟಿ ಸೋಮವಾರ ಆಯಿತು. ಡಾಕ್ಟರು ಮೊಣಕಾಲಿಗೆ ಪಟ್ಟಿ, ಗುಳಿಗೆ ಕೊಟ್ಟು, ಅರ್ಧ ದಾರಿ ನಡೆಯಬಹುದು, ಅರ್ಧ ದಾರಿ ದಿಂಡಿಯ ಸಾಮಾನಿನ ಟ್ರ್ಯಾಕ್ಟರಿನಲ್ಲಿ ಕೂರಬೇಕು ಎಂದು ಒಪ್ಪಂದ ಮಾಡಿದರು. ಉಳಿದ ಅರ್ಧ ದಾರಿಯನ್ನು ತನ್ನ ಪರವಾಗಿ ಅಳಿಯ ನಡೆಯಬೇಕು, ಆದರೆ ಅರ್ಧ ನಡೆದು ಅರ್ಧ ಬಿಡುವುದು ಚಂದವಲ್ಲವಾದ್ದರಿಂದ ಪೂರ್ತಿ ನಡೆಯಬೇಕು, ತನ್ನ ಚೀಲವನ್ನೂ ಹೊರಬೇಕು ಎಂದು ರುಕ್ಮವ್ವ ತೀರ್ಪು ಕೊಟ್ಟರು.

ನಾಮದೇವರು ಹದಿನೈದು ದಿನದ ರಜೆಗೆ ಅರ್ಜಿ ಹಾಕಿದರು. ರಜೆ ಕೇಳಿದಾಗಲೆಲ್ಲ ಹಲ್ಲುನೋವು ಬಂದಂತೆ ಮುಖ ಮಾಡುವ ಡಿಪೊ ಮ್ಯಾನೇಜರರು ಅದನ್ನು ನಿಂತ ನಿಲುವಿನಲ್ಲೇ ಮಂಜೂರು ಮಾಡಿದರು. ಸುದ್ದಿ ಇನ್ನೂ ಮುಟ್ಟದ ಬೀಳಗಿ ಕಡೆಯ ಮೊಣಕಾಲುಗಳು ದಿನಾ ಕ್ಯಾಬಿನ್ನಿಗೆ ಬರುತ್ತಿದ್ದವು. ಬೇಕಿದ್ದರೆ ಇನ್ನೂ ಒಂದು ವಾರ ಸೇರಿಸಿಕೊಳ್ಳಿ ಎಂದು ಅವರೇ ಹೇಳಿದರಂತೆ.

ದಿಂಡಿ ಜಮಖಂಡಿ ಬಿಟ್ಟ ಬೆಳಿಗ್ಗೆ ನಾಮದೇವರು ಹೆಗಲಿಗೆ ಚೀಲ, ಹಣೆಗೆ ಬುಕ್ಕಾ ಎಂಬ ಕರಿ ಪುಡಿ ಇಟ್ಟು, ತಾಳ ಹಿಡಿದು ಸಾಲಿನಲ್ಲಿ ಸೇರಿದರು. ಮಾಂತೇಶನ ಬಸ್ಸು ಪಕ್ಕದಲ್ಲಿ ಹಾದುಹೋಯಿತು. ಬರ್ತೀರೇನ್ರಿ ಸಾಹೇಬ್ರ, ಸೀಟು ಐತಿ ಎಂದು ಅವನು ಬಾಗಿಲಲ್ಲಿ ನಿಂತು ಕೇಳಿದ. ರುಕ್ಮವ್ವ ತಿರುಗಿ ನೋಡಿದರು. ನಾಮದೇವರು ಕೇಳಿಸದವರಂತೆ ತಾಳ ಬಾರಿಸಿದರು.

ನಡೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಬಿಡಾರಗಳಲ್ಲಿ. ಸಾವಳಗಿಯಲ್ಲಿ ದಿಂಡಿಗೆ ಚಹಾ ಕೊಟ್ಟವರು ಈ ಹೊಸಬರು ಯಾರು ಎಂದು ಕೇಳಿದರು. ನನ್ನ ಅಳಿಯ, ಮನೆಯಲ್ಲಿ ಶೆರೆ ಮಾಡಲು ಹೋಗಿದ್ದ, ಪಾಂಡುರಂಗ ನನಗೆ ಬುದ್ಧಿ ಕೊಟ್ಟು ಕುದಿಸಿದ, ಶೆರೆ ಪಾನಕವಾಯಿತು ಎಂದು ರುಕ್ಮವ್ವ ಹೇಳಿದರು. ಕೇಳಿದವರು ಕೈಮುಗಿದರು. ಮುಂದಿನ ಊರಿನಲ್ಲಿ ಪಾಂಡುರಂಗ ರುಕ್ಮವ್ವನ ಕೈ ಹಿಡಿದು ಒಲೆ ಹಚ್ಚಿಸಿದ. ಅದರ ಮುಂದಿನ ಊರಿನಲ್ಲಿ ಅವನೇ ಸೌಟು ಹಿಡಿದ. ಪ್ರತಿ ಊರಿನಲ್ಲೂ ನಾಮದೇವರು ಚೀಲ ಹೊತ್ತು ಪಕ್ಕದಲ್ಲಿ ನಿಲ್ಲಬೇಕಿತ್ತು. ಕಥೆಗೆ ಸಾಕ್ಷಿ ಬೇಕಲ್ಲ. ಹುಡುಗಿಯರು ಅವರನ್ನು ಕಂಡು ನಗುತ್ತಿದ್ದರು, ಮುದುಕಿಯರು ಕಾಲಿಗೆ ಬೀಳುತ್ತಿದ್ದರು. ಎರಡರಲ್ಲಿ ಯಾವುದು ಹೆಚ್ಚು ನ್ಯಾಯ ಎಂದು ಅವರಿಗೆ ತೀರ್ಮಾನವಾಗಲಿಲ್ಲ.

ಮಂಗಳವೇಢೆಯಲ್ಲಿ, ಪಂಢರಪುರ ಇನ್ನು ಒಂದೇ ದಿನದ ದಾರಿ ಇರುವಾಗ, ಪಾಂಡುರಂಗ ಖುದ್ದಾಗಿ ಜಮಖಂಡಿಯ ಅಡುಗೆಮನೆಗೆ ಬಂದು ಬರಣಿಯ ಮುಂದೆ ನಿಂತುಬಿಟ್ಟ. ನಾಮದೇವರು ತಲೆ ಎತ್ತಿ ಅತ್ತೆಯನ್ನು ನೋಡಿದರು. ಕೇಳುತ್ತ ಕೂತವರಲ್ಲಿ ಬೆನ್ನು ಬಾಗಿದ ಮುದುಕಿಯೊಬ್ಬಳು ಕಣ್ಣು ಕಿರಿದು ಮಾಡಿ, ನೇರವಾಗಿ ಅವರನ್ನೇ ಕೇಳಿದಳು: “ಖರೇನಪಾ? ನೀ ನೋಡಿದ್ಯಾ?”

ಯೀಸ್ಟು ಹೇಗೆ ಸಾಯುತ್ತದೆ, ಅಂಕಿ ಯಾಕೆ ಏರುತ್ತದೆ ಎಲ್ಲವೂ ನಾಮದೇವರಿಗೆ ಈಗ ಬಾಯಿಪಾಠವಾಗಿತ್ತು. ಅವರು ಸುತ್ತ ಕೂತ ಮುಖಗಳನ್ನು ನೋಡಿದರು. ರುಕ್ಮವ್ವ ಬೇರೆ ಕಡೆ ನೋಡುತ್ತ ಮಾಲೆಯ ಮಣಿ ಎಣಿಸುತ್ತಿದ್ದರು, ಆದರೆ ಬೆರಳು ನಿಂತಿತ್ತು.

“ನೋಡೇನಬೇ,” ಎಂದರು ನಾಮದೇವರು. “ಕಪ್ಪಗಿದ್ದ. ಸೊಂಟದ ಮ್ಯಾಲ ಕೈ ಇಟಗೊಂಡು ನಿಂತಿದ್ದ.”

ಮುದುಕಿ ಕಣ್ಣೊರೆಸಿಕೊಂಡಳು. ದಿಂಡಿ ಎದ್ದು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ರುಕ್ಮವ್ವ ಟ್ರ್ಯಾಕ್ಟರು ಹತ್ತುವ ಬದಲು ಅಳಿಯನ ಪಕ್ಕಕ್ಕೆ ಬಂದರು. ಅವರ ಹೆಗಲಿನಿಂದ ಚೀಲ ಇಳಿಸಿಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು, ಮತ್ತು ನಡೆದರು.